ಲ್ಯಾಪ್‌ಟಾಪಿನೊಳಗೆ ಬೀಗರು

“ಹಲೋ… ಹಾಂ, ಯಾರು ಮಾತಾಡ್ತಿರೋದು?… ಕಿಬ್ಬನಹಳ್ಳಿ ಮಲ್ಲಿಕಾರ್ಜುನಯ್ಯನೋರಾ? ನಮಸ್ಕಾರ ಯಜಮಾನ್ರೇ. ಹೌದು, ವಹಾಬೇ. ಭಾನುವಾರನೂ ಅಂಗಡಿ ತೆಗ್ದಿದ್ದೀನಿ, ಹೇಳಿ.”

…

“ಯಾವ ಲ್ಯಾಪ್‌ಟಾಪು?… ನಾನು ಕೊಟ್ಟಿದ್ದಾ? ಮಗಳು ಭವ್ಯಶ್ರೀ ಡಿಗ್ರಿ ಸೇರಿದಾಗ? ಅದು ಇನ್ನೂ ಇದ್ಯಾ?… ಅಲ್ಲ, ಬೈತಿಲ್ಲ, ಸಂತೋಷಕ್ಕೆ ಕೇಳ್ದೆ. ಎಂಟು ವರ್ಷ ಆಯ್ತು. ನಾನು ಕೊಟ್ಟಾಗಲೇ ಅದಕ್ಕೆ ನಾಲ್ಕು ವರ್ಷ.”

ತಿಪಟೂರು ಬಸ್ ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ವಹಾಬ್ ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಬಿಚ್ಚಿದ ಪ್ರಿಂಟರಿನ ಸ್ಕ್ರೂಗಳನ್ನು ಒಂದು ಬಾಟಲಿ ಮುಚ್ಚಳಕ್ಕೆ ಹಾಕುತ್ತಿದ್ದ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅವನು ಕಂಡುಕೊಂಡದ್ದು ಇಷ್ಟು: ಗಿರಾಕಿಯ ಮೊದಲ ಮಾತನ್ನು ನಂಬಬಾರದು, ಮೂರನೆಯದಕ್ಕೆ ಕಾಯಬೇಕು.

“ಬಾಣದ ಗುರುತು ಓಡಾಡ್ತಿಲ್ಲ… ಹಾಂ. ಬೆರಳು ಒದ್ದೆ ಇಲ್ಲ ತಾನೆ?… ಕೀಬೋರ್ಡೂ ಇಲ್ವಾ? ಒಂದು ಕೀನೂ?… ಇಷ್ಟು ದಿನ ಎಲ್ಲಿಟ್ಟಿದ್ರಿ?… ಅಟ್ಟದ ಮೇಲೆ. ಕೊಬ್ಬರಿ ಅಟ್ಟದಲ್ಲಾ?… ಬೆಚ್ಚಗಿರುತ್ತೆ ಅಂತ. ಎಷ್ಟು ತಿಂಗಳು?… ಹನ್ನೊಂದು. ಸರಿ ಬುಡಿ, ಕಾಯಿ ಜೊತೆ ಅದೂ ಕೊಬ್ಬರಿ ಆಗಿರುತ್ತೆ.”

…

“ತಾಳಿ, ಅದೇನು ಸದ್ದು?… ಅಲ್ಲಾಡಿಸ್ತಿದ್ದೀರಾ? ಕಿವಿ ಹತ್ರ ಹಿಡ್ಕೊಂಡು?… ಒಳಗೆ ಗಡಗಡ ಅಂತಾ?… ಗಡಗಡ ಅಂದ್ರೆ ಚೆನ್ನಾಗಿ ಒಣಗಿದೆ ಅಂತ, ಅದು ಕೊಬ್ಬರಿಗೆ ಯಜಮಾನ್ರೇ. ಇದರಲ್ಲಿ ಗಡಗಡ ಅಂದ್ರೆ ಸ್ಕ್ರೂ ಬಿದ್ದಿದೆ ಅಂತ. ಕೆಳಗಿಡಿ, ಮೆಲ್ಲಗೆ.”

…

“ಒಂದು ಕೆಲಸ ಮಾಡಿ. ಆಫ್ ಮಾಡಿ ಆನ್ ಮಾಡಿ. ಮೇಲ್ಗಡೆ ಗುಂಡು ಬಟನ್ ಇದ್ಯಲ್ಲ, ಅದನ್ನ ಹತ್ತು ಸೆಕೆಂಡ್ ಅದುಮಿ ಹಿಡ್ಕೊಂಡ್ರೆ… ಆಗಲ್ವಾ? ಯಾಕೆ ಆಗಲ್ಲ?… ಒಳಗೆ ಯಾರಿದ್ದಾರೆ?… ಬೀಗರಾ?”

ವಹಾಬ್ ಸ್ಕ್ರೂಡ್ರೈವರ್ ಕೆಳಗಿಟ್ಟ.

“ನಿಧಾನಕ್ಕೆ ಹೇಳಿ. ಭವ್ಯಶ್ರೀಗೆ ಗಂಡು ನೋಡ್ತಿದ್ದೀರಿ… ಮೋಕ್ಷಿತ್. ಮಾಯಸಂದ್ರದೋರು, ಹುಡುಗ ಬೀದರಲ್ಲಿ ದನದ ಡಾಕ್ಟ್ರು. ಒಳ್ಳೇದಾಯ್ತು. ಅಪ್ಪ ಅಮ್ಮನೂ ಅಲ್ಲೇ ಪಕ್ಕದಲ್ಲಿ ಕೂತಿದ್ದಾರೆ, ವಿಡಿಯೋ ಕಾಲ್ ನಡೀತಿದೆ… ಈಗಲೂ ನಡೀತಿದ್ಯಾ?… ಅಂದ್ರೆ ಆಗಲೇ ಅಲ್ಲಾಡಿಸಿದ್ರಲ್ಲ, ಅವರನ್ನೂ ಸೇರಿಸಿ ಅಲ್ಲಾಡಿಸಿದ್ರಾ?”

…

“ಹಾಂ… ಹಾಂ. ‘ಐದು ನಿಮಿಷ ಮನೆಯೋರೆಲ್ಲ ಮಾತಾಡ್ಕೊಳ್ಳಿ, ನಾವು ಕಾಯ್ತೀವಿ’ ಅಂದ್ರು ಅವರು. ನೀವು ಮೈಕ್ ಆಫ್ ಮಾಡಿ ಮಾತಾಡ್ಕೊಂಡ್ರಿ. ಈಗ ಒಪ್ಪಿಗೆ ಹೇಳೋಣ ಅಂದ್ರೆ ಮೈಕ್ ಆನ್ ಆಗ್ತಿಲ್ಲ. ಅದಾ ಸಮಾಚಾರ?… ಕಟ್ ಮಾಡಿ ಮತ್ತೆ ಮಾಡಿದ್ರೆ ಏನಂತೆ?… ಗಂಡಿನ ಕಡೆಯೋರ ಮುಖಕ್ಕೆ ಹೆಣ್ಣಿನ ಕಡೆಯೋರು ಕಟ್ ಮಾಡಬಾರದು. ಹುಡುಗ ಬೇಡ ಅಂದ ಹಾಗಾಗುತ್ತೆ… ಹಾಂ, ಅದೂ ಸರಿನೇ.”

…

“ಯಜಮಾನ್ರೇ, ಆವಾಗ ಮೈಕ್ ಆಫ್ ಮಾಡಿದ್ದು ಹೇಗೆ?… ಬೆರಳಲ್ಲಿ ಉಜ್ಜಿ ಒಂದು ಸಲ ಕುಟ್ಟಿದ್ರಿ. ಆಗ ಬಾಣ ಓಡಾಡ್ತಾ ಇತ್ತಾ?… ನೋಡಿಲ್ಲ. ಸರಿ. ಸ್ಕ್ರೀನ್ ಕೆಳಗಡೆ ಮೈಕಿನ ಚಿತ್ರ ಇರುತ್ತೆ. ಅದರ ಮೇಲೆ ಓರೆಯಾಗಿ ಗೀಟು ಎಳೆದಿದ್ಯಾ?… ಕನ್ನಡಕ ಹಾಕ್ಕೊಂಡು ನೋಡಿ… ಗೀಟಿಲ್ವಾ?… ಇನ್ನೊಂದ್ಸಲ ನೋಡಿ.”

…

“ಗೀಟಿಲ್ಲ ಅಂದ್ರೆ ಮೈಕ್ ಆಫೇ ಆಗಿಲ್ಲ ಯಜಮಾನ್ರೇ. ಆ ಐದು ನಿಮಿಷ ಮಾತಾಡಿದ್ದೆಲ್ಲ ಅವರಿಗೆ ಕೇಳಿಸಿದೆ. ಈಗ ನನ್ನ ಹತ್ರ ಮಾತಾಡ್ತಿರೋದೂ ಕೇಳಿಸ್ತಿದೆ.”

ಲೈನ್ ಹೋಯಿತೇನೋ ಎಂದು ವಹಾಬ್ ಮೊಬೈಲ್ ನೋಡಿದ. ಆರು ನಿಮಿಷ ಹದಿನೆಂಟು ಸೆಕೆಂಡ್, ಇನ್ನೂ ಓಡುತ್ತಿತ್ತು.

“ಹಲೋ?… ಇದ್ದೀರಾ?… ಅಂಥದ್ದೇನಂದಿದ್ರಿ?… ಹುಡುಗನ ನೆತ್ತಿ?… ‘ಈ ಕಿವಿಯಿಂದ ಆ ಕಿವಿಗೆ ಬಾಚ್ಕೊಂಡವ್ನೆ, ಗಾಳಿ ಬಂದ್ರೆ ಗೊತ್ತಾಗುತ್ತೆ’ ಅಂತ. ಅಷ್ಟೇನಾ?… ಅವರಮ್ಮನ ವಿಷಯನೂ?… ‘ಮಾತಿನ ಮಧ್ಯೆ ಆಯಮ್ಮ ಉಸಿರು ತಗೊಳ್ಳೋದು ಯಾವಾಗ’ ಅಂತ. ಅದು ಯಾರಂದಿದ್ದು?… ನಿಮ್ಮ ಮನೆಯೋರು, ಗಿರಿಜಮ್ಮನೋರು. ಸರಿ. ಹುಡುಗನ ಅಮ್ಮ ಈಗ ಏನ್ಮಾಡ್ತಿದ್ದಾರೆ ನೋಡಿ… ಸೆರಗು ಬಾಯಿಗೆ ಇಟ್ಕೊಂಡಿದ್ದಾರಾ. ಅಳೋದಾ, ನಗೋದಾ?… ಗೊತ್ತಾಗ್ತಿಲ್ಲ.”

…

“ಅಮ್ಮಾ, ನಮಸ್ಕಾರ. ಹೌದು ಗಿರಿಜಮ್ಮನೋರೇ, ವಹಾಬ್… ಯಜಮಾನ್ರಿಂದ ಫೋನ್ ಕಿತ್ಕೊಂಡ್ರಾ, ಒಳ್ಳೇದು… ಮುಚ್ಚಳ ಮುಚ್ಚಿಬಿಟ್ಟು, ಕರೆಂಟ್ ಹೋಗಿತ್ತು ಅಂತ ಆಮೇಲೆ ಹೇಳ್ತೀರಾ? ಹೇಳಬಹುದಿತ್ತು. ಆದ್ರೆ ನೀವು ಈಗ ಅಂದಿದ್ದೂ ಅವರಿಗೆ ಕೇಳಿಸ್ತಲ್ಲ ಅಮ್ಮಾ.”

…

“ಮುಚ್ಚೇಬಿಟ್ರಾ?… ಮುಚ್ತಿಲ್ವಾ? ಯಾಕೆ?… ಮಧ್ಯೆ ಎದ್ದಿದೆ. ಎಲ್ಲಿ, ಬೆರಳಾಡಿಸೋ ಜಾಗದಲ್ಲಾ?… ಎಷ್ಟು ಎದ್ದಿದೆ?… ಪೂರಿ ಥರ.”

ವಹಾಬ್ ಸ್ಟೂಲಿನಿಂದ ಎದ್ದು ನಿಂತ. ದನಿ ಏರಿಸಲಿಲ್ಲ, ಏರಿಸಿದರೆ ಗಿರಾಕಿಗಳು ಏನನ್ನಾದರೂ ಒತ್ತುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

“ಕೈ ತೆಗೀರಿ ಅಮ್ಮಾ. ಅದುಮಬೇಡಿ. ಒಳಗೆ ಬ್ಯಾಟರಿ ಉಬ್ಬಿದೆ, ಕೆಳಗಿಂದ ತಳ್ತಿದೆ, ಅದಕ್ಕೇ ಯಾವುದೂ ಕೆಲಸ ಮಾಡ್ತಿಲ್ಲ. ಮುಟ್ಟಿದ್ರೆ ಬಿಸಿ ಇದ್ಯಾ?… ಮೊದಲು ಚಾರ್ಜರ್ ಗೋಡೆಯಿಂದ ಕೀಳಿ… ಕಿತ್ರಾ? ಇನ್ನು ಆ ಗುಂಡು ಬಟನ್ ಹಿಡ್ಕೊಂಡು ಆಫ್ ಮಾಡಲೇಬೇಕು… ಹೌದಮ್ಮಾ, ಕಾಲ್ ಹೋಗುತ್ತೆ. ಹೋಗಲಿ. ಬೆಂಕಿ ಹತ್ಕೊಂಡ್ರೆ ಅಟ್ಟದ ಕೊಬ್ಬರಿ ಉಳಿಯುತ್ತಾ?… ಸಂಬಂಧ ಮುಖ್ಯನೇ. ಮನೆನೂ ಮುಖ್ಯ ಅಲ್ವಾ?”

…

“ಅವರನ್ನೇ ಕೇಳಿ. ‘ಹಿಂಗಾಗಿದೆ, ಆಫ್ ಮಾಡ್ತೀವಿ’ ಅಂತ ಬಾಯಲ್ಲಿ ಹೇಳಿ, ಅವರಿಗೆ ಕೇಳಿಸ್ತಿದೆಯಲ್ಲ… ಯಾವ ಮುಖ ಇಟ್ಕೊಂಡು ಹೇಳೋದು ಅಂತೀರಾ. ಯಜಮಾನ್ರಿಗೆ ಹೇಳಿ… ಹಿತ್ತಲಿಗೆ ಹೋದ್ರಾ. ಯಾವಾಗ?… ನೀವು ಫೋನ್ ಕಿತ್ಕೊಂಡಾಗಲೇ.”

…

“ಯಾರು, ಭವ್ಯಶ್ರೀನಾ? ಚೆನ್ನಾಗಿದ್ದೀಯಾ ತಾಯಿ?… ಎಲ್ಲಾ ಕೇಳಿಸ್ಕೊಂಡೆಯಲ್ಲ, ಹತ್ತು ಸೆಕೆಂಡ್ ಬಟನ್ ಹಿಡಿದ್ರೆ ಮುಗೀತು… ಅದಕ್ಕೆ ಮುಂಚೆ ಅವರ ಹತ್ರ ಒಂದು ಮಾತಾಡ್ಬೇಕಾ? ಆಡಮ್ಮ. ಒಂದೇ ಮಾತು. ಅದನ್ನ ಮುಟ್ಟದೆ, ದೂರ ನಿಂತ್ಕೊಂಡು.”

ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ ಹುಡುಗಿಯ ದನಿ ದೂರದಲ್ಲಿ, ಅದಕ್ಕಿಂತ ದೂರದಲ್ಲಿ ಒಂದು ಗಂಡು ದನಿ. ಪದ ಒಂದೂ ತಿಳಿಯಲಿಲ್ಲ. ವಹಾಬ್ ಪ್ರಿಂಟರಿನ ಸ್ಕ್ರೂಗಳನ್ನು ಎಣಿಸಿದ. ಏಳು. ಮತ್ತೆ ಎಣಿಸಿದ. ಏಳೇ. ಯಾರೋ ಹೆಂಗಸು ಜೋರಾಗಿ ನಕ್ಕದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಉಸಿರೇ ತೆಗೆದುಕೊಳ್ಳದಂಥ ನಗು.

“ಹಾಂ, ಇದ್ದೀನಿ. ಏನಂದ್ರು?… ಹುಡುಗ ಕೇಳಿದ್ರಾ? ‘ಐದು ನಿಮಿಷದಲ್ಲಿ ಎಲ್ಲರೂ ಮಾತಾಡಿದ್ರು, ನೀವೊಬ್ರೇ ಬಾಯಿ ಬಿಡಲಿಲ್ಲ’ ಅಂತ. ನೀನೇನಂದೆ?… ‘ಬಾಚಿ ಮುಚ್ಚೋದು ಬುಡಿ, ಇದ್ದ ಹಾಗೇ ಚೆನ್ನಾಗಿರುತ್ತೆ.’ ಹಂಗೇ ಅಂದ್ಯಾ? ಎಲ್ಲರ ಮುಂದೆ?… ಅದಕ್ಕೇನಂದ್ರು?… ನಂಬರ್ ಕೇಳಿದ್ರಾ. ಯಾವ ನಂಬರ್ ಕೊಟ್ಟೆ?… ಈ ಫೋನಿಂದೇ. ಆಯ್ತು, ಈಗ ಬಟನ್ ಹಿಡಿ. ನಾನು ಎಣಿಸ್ತೀನಿ.”

…

“ಎಂಟು… ಒಂಬತ್ತು… ಕಪ್ಪಾಯ್ತಾ?… ಅಬ್ಬ. ಈಗ ಮೆಲ್ಲಗೆ ಅಂಗಳಕ್ಕೆ ಸಾಗಿಸಬೇಕು. ತಟ್ಟೆ ಹಿಡಿದ ಹಾಗೆ, ಬಗ್ಗಿಸದೆ. ಅಮ್ಮ ತಗೊಂಡು ಹೋಗ್ತಿದ್ದಾರಾ? ಕಾಯಿಸಿಪ್ಪೆ ಗುಡ್ಡೆ ಹತ್ರ ಬೇಡ ಅಂತ ಹೇಳು. ಒಗೆಯೋ ಕಲ್ಲಿದ್ರೆ ಅದರ ಮೇಲೆ… ಇಟ್ರಾ? ಸರಿ. ಯಾರೂ ಹತ್ರ ಹೋಗಬೇಡಿ, ಬಿಚ್ಚಬೇಡಿ, ನಾನು ಒಂದು ಗಂಟೆ ಬಸ್ಸಿಗೆ ಬತ್ತೀನಿ.”

…

“ಹಾಂ? ಬೇರೆ ಕಾಲ್ ಬರ್ತಿದ್ಯಾ? ಹೊಸ ನಂಬರಾ?… ಅವರೇ ಇರಬೇಕು. ಒಂದು ನಿಮಿಷ ತಾಳಮ್ಮ, ಕಾಯ್ತಾರೆ, ಇಷ್ಟೊತ್ತು ಕಾದಿಲ್ವಾ… ಏನು, ನನ್ನ ಲೈನ್ ಕಟ್ ಮಾಡಬಹುದಾ? ಮಾಡು ತಾಯಿ, ನಾನೇನು ಗಂಡಿನ ಕಡೆಯೋನಲ್ಲ. ಆದ್ರೆ ಯಜಮಾನ್ರು ಹಿತ್ತಲಿಂದ ಬಂದ್ರೆ ಹೇಳು, ಅದರ ಮೇಲೆ ಕೊಡದಲ್ಲಿ ನೀರು ಮಾತ್ರ ಸುರಿಯೋಕೆ ಬಿಡಬೇ…”