ಫಿಂಟನ್ ಮಾವ ಆರಿಸುವ ಕುದುರೆಗಳು

ಅಲ್ಲಿಂದ ಬೇಡ ಮಾವ, ಈ ಕಡೆಯಿಂದ ಬರೋಣ... ಯಾಕೆ ಅಂದ್ರೆ ಆ ಕಡೆ ಈಗಷ್ಟೇ ನೀರು ಹಾಕಿ ಉಜ್ಜಿದ್ದಾರೆ, ಕಲ್ಲು ಜಾರುತ್ತೆ. ಸೊಂಟ ಮುರ್ಕೊಂಡು ಬೇಸಿಗೆ ಪೂರ್ತಿ ಆಸ್ಪತ್ರೆ ಮಂಚಕ್ಕೆ ಅಂಟ್ಕೊಂಡಿದ್ದು ಸಾಲದೇನು ನಿಂಗೆ? ವಾಕರ್ ಸರಿಯಾಗಿ ಹಿಡ್ಕೋ. ಹಾಂ, ಹಾಗೆ. ನಿಧಾನಕ್ಕೆ. ಚರ್ಚಿಗೆ ಹಾಕ್ಕೊಂಡು ಹೋದ ಬೂಟು, ಲದ್ದಿ ಆಗುತ್ತೆ ಅಂತ ನೋಡಬೇಡ, ಆಮೇಲೆ ನಾನು ಒರೆಸಿಕೊಡ್ತೀನಿ.

ಗೊತ್ತು ಮಾವ, ಗೊತ್ತು. ಪಾದ್ರಿ ಎಲ್ಲಿ, ಪಾದ್ರಿ ಎಲ್ಲಿ. ಕಾರು ಹತ್ತಿದಾಗಿನಿಂದ ಅದೊಂದೇ ಜಪ ನಿಂದು. ಅವನ ಹತ್ರಾನೂ ಹೋಗೋಣ. ಕೊನೇಲಿ ಹೋಗೋಣ... ಹೌದಪ್ಪ, ಪ್ರತಿ ವರ್ಷ ಮೊದಲು ಅವನನ್ನೇ ನೋಡ್ತಿದ್ದೆ, ಆಮೇಲೆ ಉಳಿದೋರು. ಈ ವರ್ಷ ಉಲ್ಟಾ. ಈ ಲಾಯಕ್ಕೆ ಯಜಮಾನಿ ನಾನೋ ನೀನೋ? ಯಾಕೆ ನಗ್ತೀಯ? ನಗು, ನಗು. ನಿನ್ನ ತಂಗಿ ಮಗಳಿಗೆ ಕುದುರೆ ಪಳಗಿಸೋ ಲೈಸೆನ್ಸು ಬಂದಾಗ ಬ್ಯಾಲಿನೋರ್ ಊರಿಗೆ ಊರೇ ಹೀಗೆ ನಕ್ಕಿತ್ತು. ನೋರೀನ್ ಹತ್ರ ಓಡೋದು ಅವಳ ಬಾಯಿ ಒಂದೇ ಅಂತ ಪಬ್ಬಲ್ಲಿ ಆಡ್ಕೊಂಡಿದ್ರು. ನೀನೊಬ್ಬ ನಗಲಿಲ್ಲ ಆವತ್ತು. ನಿನ್ನ ಪಾದ್ರೀನ ಹಗ್ಗ ಹಿಡಿದು ನಡೆಸ್ಕೊಂಡು ಬಂದು ಇದೇ ಅಂಗಳದಲ್ಲಿ ನಿಲ್ಲಿಸಿ, ತಗೋ, ಇವನಿಂದ ಶುರು ಮಾಡು ಅಂದೆ... ಈಗ್ಯಾಕೆ ಅದೆಲ್ಲಾ, ಬಿಡು.

ಹೊತ್ತಾಗ್ತಿದೆ, ಬೇಗ ಬೇಗ ಆರಿಸು. ಊಟಕ್ಕೆ ಮುಂಚೆ ಪಬ್ಬಿಗೆ ಹೋಗಿ ಹೆಸರು ಹೇಳಿ ಬರಬೇಕಲ್ಲ ನೀನು. ಚಳಿಗಾಲದ ಬೇಲಿ ಹಾರೋ ಓಟಕ್ಕೆ ಯಾವ ಕುದುರೆ ಮೇಲೆ ಕಣ್ಣಿಡಬೇಕು, ಬೇಸಿಗೆಯ ಬಯಲೋಟಕ್ಕೆ ಯಾವುದರ ಮೇಲೆ ಅಂತ ಎಲ್ಲಾ ಮನೆಯೋರೂ ಹೇಳಿ ಆಯ್ತು. ಫಿಂಟನ್ ಹೇಳಲಿ, ಆಮೇಲೆ ಹೆಸರು ಬರೆದ ಹಲಗೆ ಗೋಡೆಗೆ ಏರಿಸೋಣ ಅಂತ ಕಾಯ್ತಿದ್ದಾರೆ. ಯಾರು ಆರಿಸಿದ ಕುದುರೆ ಹೆಚ್ಚು ಗೆಲ್ಲುತ್ತೋ ಆ ಮನೆಗೆ ಮುಂದಿನ ಕ್ರಿಸ್ಮಸ್ಸಿಗೆ ಹೆಬ್ಬಾತು... ಹೋದ ಸಲದ್ದು ಬೂಟಿನ ಚರ್ಮದ ಥರ ಇತ್ತಾ? ತಿಂದೆಯಲ್ಲ ಮತ್ತೆ, ಮೂಳೆ ಚೀಪಿ ಚೀಪಿ.

ಇವಳನ್ನ ನೋಡು ಮಾವ. ಬೂದು ಹೆಣ್ಣು. ಹೊರಗೆ ಇವಳ ಹೆಸರು ಏನೇನೋ ಉದ್ದಕ್ಕಿದೆ, ಲಾಯದಲ್ಲಿ ನಾವು ಕರೆಯೋದು ಅತ್ತೆ ಅಂತ. ಬಕೀಟು ಚೂರು ಓರೆ ಇಟ್ರೂ ಒದ್ದು ಬೀಳಿಸ್ತಾಳೆ. ಹುಲ್ಲು ತಾಜಾ ಇಲ್ಲದಿದ್ರೆ ನಮ್ಮ ಕಡೆ ಬೆನ್ನು ಹಾಕಿ ನಿಂತ್ಕೋತಾಳೆ, ಸಂಜೆವರೆಗೂ ಮಾತಿಲ್ಲ ಕತೆಯಿಲ್ಲ. ಆದ್ರೆ ಮಳೆ ಹಿಡಿದು ನೆಲ ಕೆಸರಾಗಲಿ, ಉಳಿದೋರೆಲ್ಲ ಕಾಲು ಎತ್ತೋಕೆ ಒದ್ದಾಡುವಾಗ ಇವಳಿಗೆ ಆಗ ಜೀವ ಬರುತ್ತೆ. ನವೆಂಬರಲ್ಲಿ ಥರ್ಲ್ಸ್ ಓಟಕ್ಕೆ ಇಳಿಸ್ತೀನಿ. ಕಣ್ಮುಚ್ಚಿ ಇವಳ ಹೆಸರು ಹೇಳು... ಹಲ್ಲು ನೋಡ್ತೀಯಾ? ನೋಡು, ಕಚ್ಚಿದ್ರೆ ನಾನು ಹೊಣೆ ಅಲ್ಲ.

ಏನು? ...ಮೊದಲನೇ ಹೆಸರು ಪಾದ್ರೀದೇ ಆಗಬೇಕಾ?

ಬೇಡ ಮಾವ. ಅಲ್ಲ, ಕೋಪ ಮಾಡ್ಕೋಬೇಡ, ಕೇಳು. ವಯಸ್ಸಾಯ್ತು ಅವನಿಗೆ. ಎಷ್ಟು ಬೇಲಿ ಹಾರಿದ ಕಾಲು ಅದು. ಹುಡುಗು ಕುದುರೆಗಳ ಜೊತೆ ಇನ್ನೂ ಯಾಕೆ ಅವನು ಏಗಬೇಕು... ನಾನೇ ಹೇಳಿದ್ನಾ? ಈಸ್ಟರಲ್ಲಿ ಹೇಳಿದ್ದಿರಬಹುದು, ಇನ್ನೊಂದು ಚಳಿಗಾಲ ಓಡ್ತಾನೆ ಅಂತ. ಆವಾಗ ಹೇಳಿದೆ. ಈಗ ಬೇಡ ಅಂತಿದೀನಿ. ವಾಕರ್ ಕುಟ್ಟಬೇಡ ಮಾವ, ಕುದುರೆ ಬೆದರ್ತಾವೆ. ಮೂಗಿನ ತುದೀಲೇ ಕೋಪ ನಿಂಗೆ, ನಮ್ಮಮ್ಮನೂ ಹಾಗೇ ಇದ್ಲು.

ಅಲ್ಲಿ ಆಸ್ಪತ್ರೆಯ ನರ್ಸಮ್ಮ ನಂಗೆ ಹೇಳಿದ್ಲು, ಈ ಮುದುಕ ನಮ್ಮ ಮಾತಿಗೆ ಸೊಪ್ಪೇ ಹಾಕಲ್ಲ, ಪಾದ್ರಿಗೆ ಸಕ್ಕರೆ ಕೊಡಬೇಕು ಕಾಲೂರಿ ಅಂದ್ರೆ ಮಾತ್ರ ಎದ್ದು ನಿಲ್ತಾರೆ ಅಂತ. ಯಾವ ಪಾದ್ರಿ, ಇವರ ಚರ್ಚಿನೋರಾ ಅಂತ ಕೇಳಿದ್ಲು ಪಾಪ. ಕುದುರೆ ಕಣಮ್ಮ, ಮೈಯೆಲ್ಲಾ ಕಪ್ಪು, ಕತ್ತಿಗೆ ಪಾದ್ರಿಗಳ ಕಾಲರ್ ಥರ ಒಂದು ಬಿಳಿ ಪಟ್ಟಿ, ಅದಕ್ಕೇ ಪಾದ್ರಿ ಅಂದೆ. ಹುಟ್ಟಿದಾಗಲೇ ತಾಯಿ ಸತ್ತಿದ್ದು, ಈ ಬ್ರಹ್ಮಚಾರಿ ಅಡುಗೆಮನೇಲಿ ಒಲೆ ಪಕ್ಕ ಮಲಗಿಸ್ಕೊಂಡು ಬಾಟಲಿ ಹಾಲು ಕುಡಿಸಿ ಸಾಕಿದ್ದು ಅಂದೆ. ಅವಳ ಕಣ್ಣಲ್ಲಿ ನೀರು ಬಂತು. ...ಹೂಂ, ಜೇಬಲ್ಲಿ ಸಕ್ಕರೆ ತುಂಡು ತಂದಿದ್ದೀಯ ಅಂತ ನಂಗೊತ್ತು. ಚರ್ಚಲ್ಲಿ ಬೆಂಚಿಂದ ಏಳುವಾಗಲೇ ಕಲಕಲ ಅಂತಿತ್ತು.

ಬಾ, ಇಲ್ಲಿ ಬಾ. ಇವನನ್ನ ನೀನು ನೋಡೇ ಇಲ್ಲ. ಬೀರು ಅಂತ. ಬಟ್ಟೆ ಬೀರು ಥರ ಬಾಗಿಲ ತುಂಬ ನಿಂತಿದ್ದಾನಲ್ಲ, ಬೇರೆ ಹೆಸರು ಎಲ್ಲಿಂದ ಬರಬೇಕು. ದೊಡ್ಡ ಬೇಲಿಗೆ ಇದೇ ಮೊದಲ ವರ್ಷ. ಬೇಲಿ ಹಾರೋದಲ್ಲ ಮಾವ ಇವನು, ಬೇಲಿಗೆ ಹೆಗಲು ಕೊಟ್ಟು ದಬ್ಕೊಂಡು ಹೋಗೋದು. ಮೊನ್ನೆ ಅಭ್ಯಾಸದಲ್ಲಿ ಅರ್ಧ ಬೇಲಿ ಎದೆ ಮೇಲೆ ಹೊತ್ಕೊಂಡು ಬಂದ. ಬೈದ್ರೆ ಹೋಗಿ ನನ್ನ ಟೋಪಿ ತಿಂದ. ಒಂದೋ ನೆಲಕ್ಕೆ ಬೀಳ್ತಾನೆ, ಇಲ್ಲಾ ಗೆಲ್ತಾನೆ, ನಡುವಿನ ದಾರಿ ಗೊತ್ತಿಲ್ಲ ಇವನಿಗೆ. ಕ್ರಿಸ್ಮಸ್ ಹೊತ್ತಿಗೆ ಲೆಪರ್ಡ್ಸ್‌ಟೌನ್ ಓಟಕ್ಕೆ ಕರ್ಕೊಂಡು ಹೋಗ್ತೀನಿ. ಬೇರೆ ಯಾರ ಬಾಯಲ್ಲೂ ಇವನ ಹೆಸರು ಬಂದಿಲ್ಲ, ನೀನು ಹೇಳಿದ್ರೆ ಪಬ್ಬಲ್ಲಿ ಎಲ್ಲರೂ ಮೂಗಿನ ಮೇಲೆ ಬೆರಳಿಡ್ತಾರೆ... ಹಿಂಗಾಲು ಓರೆಯಾ? ಎಲ್ಲಿ? ಅಯ್ಯೋ ಅದು ನಿಂತಿರೋ ಭಂಗಿ ಮಾವ. ನಿನ್ನ ಕಣ್ಣಿಗೆ ಪಾದ್ರಿ ಬಿಟ್ರೆ ಮಿಕ್ಕಿದ್ದೆಲ್ಲಾ ಓರೆಯೇ.

ಇವಳು ಚಿಟಿಕೆ. ಬಗ್ಗಿ ನೋಡು, ಮೂಲೇಲಿದ್ದಾಳೆ. ಬೇಲಿ ಗೀಲಿ ತಂಟೆಗೆ ಇವಳು ಹೋಗಲ್ಲ, ಬಯಲೋಟದ ಹುಡುಗಿ. ಈಗ ನೋಡಿದ್ರೆ ಮಕ್ಕಳು ಆಡೋ ಮೇಕೆ ಅನ್ಬೇಕು. ಮೇ ತಿಂಗಳು ಬರಲಿ, ಕರಾಗ್ ಬಯಲು ಒಣಗಲಿ, ಆವಾಗ ನೋಡು ಇವಳ ಕಾಲು. ಬೆಳಗ್ಗೆ ಓಡಿಸುವಾಗ ಬೀರು ಮುಂದೆ ಸುಮ್ನೆ ಬಿಟ್ಟೆ, ಹಿಡಿಯೋಕೇ ಆಗಲಿಲ್ಲ ಅವನ ಕೈಲಿ. ಬೇಸಿಗೆಗೆ ಇವಳೊಬ್ಬಳು ಸಾಕು ನಿಂಗೆ. ಅಲ್ಲಿಗೆ ಆಯ್ತು. ಚಳಿಗಾಲಕ್ಕೆ ಅತ್ತೆ, ಬೀರು. ಬೇಸಿಗೆಗೆ ಚಿಟಿಕೆ. ನಡಿ, ಕುರಿ ಮಾಂಸ ಒಲೇಲಿಟ್ಟು ಬಂದಿದ್ದೀನಿ, ಸೀದುಹೋಗುತ್ತೆ. ಒಂದು ಲೋಟ ಟೀ ಕುಡಿದು ಪಬ್ಬಿಗೆ ಹೋಗೋಣ.

...ಇಲ್ಲ ಮಾವ, ಮರೆತಿಲ್ಲ ಅವನನ್ನ. ಮಲಗಿದ್ದಾನೆ ಅವನು. ಹಗಲು ಹೊತ್ತಲ್ಲಿ ಮಲಗಲ್ಲ ಅಂದ್ರೆ... ಈಚೆಗೆ ಮಲಗ್ತಾನೆ. ಎಬ್ಬಿಸೋದು ಬೇಡ ಪಾಪ. ನಾಳೆ ಕರ್ಕೊಂಡು ಬರ್ತೀನಿ ನಿನ್ನ. ಮಾವ, ನಿಲ್ಲು. ಒಬ್ಬನೇ ಹೋಗಬೇಡ. ಮಾವ, ಆ ಕಡೆ ಜಾರುತ್ತೆ ಅಂದ್ನಲ್ಲ...

ಸಿಳ್ಳೆ ಹಾಕಬೇಡ.

ಬೇಡ ಅಂದೆ ಮಾವ. ಯಾಕೆ, ಕೇಳಿಸ್ತಿಲ್ವಾ ನಿಂಗೆ... ಇನ್ನೊಂದು ಸಲ ಹಾಕಬೇಡ. ನಿಂಗೆ ಕೈ ಮುಗೀತೀನಿ.

ಅವನಿಲ್ಲ ಮಾವ.

ಕೂತ್ಕೋ. ಈ ಬಕೀಟು ಬೋರಲು ಹಾಕ್ತೀನಿ, ಇದರ ಮೇಲೆ ಕೂತ್ಕೋ. ನನ್ನ ತೋಳು ಹಿಡ್ಕೋ. ಹಾಂ. ...ಮೊನ್ನೆ ಗುರುವಾರ. ನಿಂಗೆ ಹೇಗೆ ಹೇಳೋದು ಅಂತ... ನೀನು ಮನೆಗೆ ಬರೋ ಖುಷೀಲಿದ್ದೆ, ಹೊಸ ಅಂಗಿ ತರಿಸ್ಕೊಂಡಿದ್ದೆ. ಚರ್ಚಿಗೆ ಮುಂಚೆ ಹೇಳೋಣ ಅಂದ್ಕೊಂಡೆ, ಬಾಯಿ ಬರಲಿಲ್ಲ. ಚರ್ಚಾದ್ಮೇಲೆ ಅಂದ್ಕೊಂಡೆ. ಇಲ್ಲಿಗೆ ಬಂದ್ಮೇಲೆ ಅಂದ್ಕೊಂಡೆ. ಹೊಟ್ಟೆನೋವು ಮಾವ. ಕುದುರೆಗೆ ಬರುತ್ತಲ್ಲ, ಕರುಳು ತಿರುಚಿಕೊಂಡು. ಸಂಜೆವರೆಗೂ ಚೆನ್ನಾಗಿದ್ದ. ಇದ್ದಕ್ಕಿದ್ದ ಹಾಗೆ ಬಂತು. ಡಾಕ್ಟರ್ ಬಂದ, ಸೂಜಿ ಚುಚ್ಚಿದ, ಆಗಲಿಲ್ಲ. ನೋವು ತಿನ್ನಲಿಲ್ಲ ಅವನು. ಬೇಗ ಹೋಗಿಬಿಟ್ಟ. ಇಲ್ಲೇ, ಅವನ ಜಾಗದಲ್ಲೇ, ಬೆಚ್ಚಗೆ ಹುಲ್ಲಿನ ಮೇಲೆ. ನಾನು ಪಕ್ಕದಲ್ಲೇ ಇದ್ದೆ.

ಅಳು ಮಾವ. ಯಾರೂ ಇಲ್ಲ ಇಲ್ಲಿ, ಅಳು. ನನ್ನ ಮುಂದೆ ಏನು ನಾಚಿಕೆ.

...ಅಳ್ತಾ ಇಲ್ಲ ನೀನು. ಏನೂ ಕೇಳ್ತಾನೂ ಇಲ್ಲ.

ಯಾಕೆ ಕೇಳ್ತಿಲ್ಲ? ಹೊಟ್ಟೆನೋವು ಅಂದ್ರೆ ಎಷ್ಟು ಕೇಳೋನು ನೀನು. ಏನು ತಿಂದಿದ್ದ, ಯಾರು ಹಾಕಿದ್ದು, ಹುಲ್ಲು ಒದ್ದೆ ಇತ್ತಾ, ಎಬ್ಬಿಸಿ ನಡೆಸಿದ್ರಾ. ನನ್ನ ಚಳಿ ಬಿಡಿಸಬೇಕಿತ್ತು ಇಷ್ಟೊತ್ತಿಗೆ. ನಾನು ಹೇಳಿದ್ದು ನಂಬಿದೆ ತಾನೇ? ಈ ಕಡೆ ನೋಡು ಮಾವ. ಆ ಗುಡ್ಡದಲ್ಲಿ ಏನಿದೆ ನೋಡೋಕೆ. ನಿನ್ನ ಹೊಲ ಎಲ್ಲಿತ್ತೋ ಅಲ್ಲೇ ಇದೆ. ನೀನು ಬಿದ್ದ ಮೇಲೆ ಪಕ್ಕದ ಹೊಲದ ಮಲಾಕಿಗೆ ಗುತ್ತಿಗೆಗೆ ಕೊಟ್ವಲ್ಲ, ಚೆನ್ನಾಗೇ ನೋಡ್ಕೊಳ್ತಿದ್ದಾನೆ...

ಏನಂದೆ? ಜೋರಾಗಿ ಹೇಳು.

...ಮಲಾಕಿ ಚರ್ಚಿನ ಬಾಗಿಲಲ್ಲಿ ನಿನ್ನ ಕೈ ಹಿಡ್ಕೊಂಡನಾ. ಎರಡೂ ಕೈಯಲ್ಲಿ, ಕಣ್ಣು ತುಂಬ್ಕೊಂಡು. ಸತ್ತವರ ಮನೇಲಿ ಹಿಡಿಯೋ ಹಾಗೆ. ಹೂಂ. ಆ ಪೆದ್ದ. ಅಷ್ಟು ಹೇಳಿದ್ದೆ ಅವನಿಗೆ, ಫಿಂಟನ್ ಕಣ್ಣಿಗೆ ಬೀಳಬೇಡ ಈ ಭಾನುವಾರ, ಹಿಂದಿನ ಬಾಗಿಲಿಂದ ಹೋಗು ಅಂತ. ಊರಿಗೆಲ್ಲಾ ಹೇಳಿಟ್ಟಿದ್ದೆ, ಯಾರೂ ತುಟಿ ಬಿಚ್ಚಬಾರದು ಅಂತ. ಅವನ ಕೈಯಲ್ಲಿ ತಡ್ಕೊಳ್ಳೋಕಾಗಲಿಲ್ಲ ಅನ್ಸುತ್ತೆ.

ಲಾಯದಲ್ಲಿ ಹೊಟ್ಟೆನೋವಿಂದ ಸತ್ತ ಕುದುರೆಗೆ ಮಲಾಕಿ ಯಾಕೆ ಅಳ್ತಾನೆ. ಅದೇ ತಾನೇ ನೀನು ಲೆಕ್ಕ ಹಾಕ್ತಾ ಇರೋದು? ಹಾಕಬೇಡ ಮಾವ. ಬಿಟ್ಬಿಡು. ಹೊಟ್ಟೆನೋವು ಅಂತಲೇ ಇಟ್ಕೋ.

ಹಾಗೆ ನೋಡಬೇಡ ನನ್ನ. ಹೇಳ್ತೀನಿ. ಹೇಳ್ತೀನಿ, ತಾಳು.

ನರಿ ಬೇಟೆಯೋರು ಆವತ್ತು ಹೊಳೆ ಆಚೆ ಇದ್ರು. ಅವರು ಈ ಕಡೆ ಬರೋ ದಿನ ಆಗಿದ್ರೆ ನಾವು ಕುದುರೆಗಳನ್ನ ಒಳಗೆ ಕಟ್ತಿದ್ವಿ, ಯಾರಾದ್ರೂ ಕಟ್ತಾರೆ. ನರಿ ಹೊಳೆ ದಾಟಿಬಿಡ್ತು. ಅದರ ಹಿಂದೆ ನಾಯಿಗಳು, ಕಹಳೆ, ಗಲಾಟೆ. ಪಾದ್ರಿ ಕೆಳಗಿನ ಹೊಲದಲ್ಲಿ ಮೇಯ್ತಿದ್ದ. ನಿಂಗೆ ಗೊತ್ತಲ್ಲ, ಕಹಳೆ ಕೇಳಿದ್ರೆ ಬೇಲಿ ಹಾರೋ ಕುದುರೆಗೆ ಮೈಮೇಲೆ ಪ್ರಜ್ಞೆ ಇರಲ್ಲ. ಗೇಟು ಹಾರ್ಕೊಂಡು ಹೋದ. ನಾನು ಕೂಗಿದೆ. ತಿರುಗಿ ನೋಡಲಿಲ್ಲ.

ನಾಯಿಗಳ ಹಿಂದೆ ಕಾಡಿಗೆ ಹೋಗಿದ್ರೆ ಸಂಜೆ ಬೆವೆತುಕೊಂಡು ಬಂದು ನಿಲ್ತಿದ್ದ. ಅವನು ಕಾಡಿಗೆ ಹೋಗಲಿಲ್ಲ ಮಾವ. ಕೂಡುರಸ್ತೆ ಹತ್ರ ನಾಯಿಗಳು ಎಡಕ್ಕೆ ತಿರುಗಿದ್ವು, ಇವನೊಬ್ಬ ಗುಡ್ಡ ಹತ್ತಿದ. ನಿನ್ನ ಮನೆ ಕಡೆ. ಮಲಾಕಿ ಟ್ರ್ಯಾಕ್ಟರ್ ಮೇಲಿಂದ ನೋಡಿದ್ನಂತೆ. ನಿನ್ನ ಹಿತ್ತಲ ಮಣ್ಣು ದಿಬ್ಬ ಇದೆಯಲ್ಲ, ಮರಿಯಾಗಿದ್ದಾಗಿಂದ ದಿನಾ ಹಾರಿ ನಿನ್ನ ಅಡುಗೆಮನೆ ಕಿಟಕಿಗೆ ಮೂಗು ತಂದು ಇಡ್ತಿದ್ದ ದಿಬ್ಬ, ಅದಕ್ಕೇ ನೇರ ಬಂದ. ಕಿವಿ ನೆಟ್ಟಗೆ ಮಾಡ್ಕೊಂಡು, ಗೊತ್ತಿರೋ ಜಾಗ ಅಂತ.

ತಂತಿ ಇತ್ತು.

ನೀನು ಕಟ್ಟಿದ್ದು ಅಂತ ನಾನು ಅಂದ್ನಾ? ನಾನು ಅನ್ನಲಿಲ್ಲ. ಕರುಗಳು ದಾಟದೇ ಇರಲಿ ಅಂತ ಎಲ್ಲರೂ ಕಟ್ತಾರೆ. ಹೊಸ ತಂತಿ ಪೂರ್ತಿ ಎಳೆದಾದ್ಮೇಲೆ ನೀನು ಸರಿಯಾಗೇ ಮಾಡ್ತಿದ್ದೆ. ಮೇವಿನ ಚೀಲ ಹರಿದು ಬಿಳೀ ಪಟ್ಟಿ ಮಾಡಿ, ಕುದುರೆ ಕಣ್ಣಿಗೆ ಕಾಣಲಿ ಅಂತ ಮಾರುದ್ದಕ್ಕೊಂದು ಗಂಟು ಹಾಕ್ತಾ ಹೋಗಿದ್ದೆ. ಅರ್ಧ ದಿಬ್ಬ ಆಗಿತ್ತು. ಅಲ್ಲಿಂದಲೇ ತಾನೇ ನೀನು ಜಾರಿ ಬಿದ್ದಿದ್ದು. ನಿನ್ನ ಎತ್ಕೊಂಡು ಆಂಬ್ಯುಲೆನ್ಸಿಗೆ ಹಾಕಿದ್ವಿ. ತಂತಿ ಕಡೆ ಯಾರು ನೋಡ್ತಾರೆ? ಉಳಿದ ಅರ್ಧಕ್ಕೆ ಪಟ್ಟಿ ಇಲ್ಲ ಅಂತ ಯಾರ ತಲೆಗೂ ಹೋಗಲಿಲ್ಲ. ನನ್ನ ತಲೆಗೂ ಹೋಗಲಿಲ್ಲ, ಮಲಾಕಿ ತಲೆಗೂ ಹೋಗಲಿಲ್ಲ. ಬಿಳೀ ಪಟ್ಟಿ ಇದ್ದ ಕಡೆ ಬಂದಿದ್ರೆ ನೋಡಿ ಮೇಲೆ ಎತ್ತಿ ಹಾರ್ತಿದ್ದ. ಅವನು ಆ ಕಡೆ ಬಂದ.

ನಾನು ಓಡಿ ಹೋಗೋಷ್ಟರಲ್ಲಿ ಮಲಾಕಿ ಅವನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದ. ಮುಂಗಾಲು ಎರಡೂ... ಬೇಡ. ಡಾಕ್ಟರ್ ಬರೋವರೆಗೂ ನಾನು ಅವನ ಕಿವಿ ಸವರ್ತಾ ಇದ್ದೆ. ನಿನ್ನ ಮನೆ ಕಡೆ ಮುಖ ಮಾಡ್ಕೊಂಡಿದ್ದ. ಅವನ ನೋವು ಮುಗಿಸೋಕೆ ಡಾಕ್ಟರ್ ಪಿಸ್ತೂಲು ತೆಗೆದಾಗ ಮಲಾಕಿ ಹೊರಟುಹೋದ, ನಾನು ಹೋಗಲಿಲ್ಲ. ಅಲ್ಲೇ ದಿಬ್ಬದ ಬುಡದಲ್ಲಿ ಹೂತಿದ್ದೀವಿ. ಮಾರನೇ ದಿನ ಮಲಾಕಿ ಉಳಿದ ತಂತಿಗೆಲ್ಲಾ ಪಟ್ಟಿ ಕಟ್ಟಿ ಮುಗಿಸಿದ. ಒಬ್ಬನೇ ಕಟ್ಟಿದ.

ಇದನ್ನ ನಿಂಗೆ ಹೇಳಬಾರದು ಅಂತಲೇ ಮಾವ, ಇಷ್ಟೆಲ್ಲಾ ಹಲುಬಿದ್ದು. ಕುದುರೆ ಹೋಯ್ತು ಅಂದ್ರೆ ನೀನು ತಡ್ಕೊಳ್ತೀಯ, ನಂಗೊತ್ತು. ಕುದುರೆ ಸಾಯೋದು ನಮಗೆ ಹೊಸದಲ್ಲ. ಈ ತಂತಿ ನಿನ್ನ ಕಿವಿಗೆ ಬೀಳಬಾರದಾಗಿತ್ತು.

ಕೈ ಯಾಕೆ ಹಾಗೆ ಮಡಿಸಿ ತೊಡೆ ಸಂದಿ ಇಟ್ಕೊಳ್ತೀಯ? ತೆಗಿ. ಆ ಕೈ ಏನೂ ಮಾಡಿಲ್ಲ. ತೆಗಿ ಮಾವ, ನಂಗೆ ಕೊಡು ಇಲ್ಲಿ. ತಣ್ಣಗಿದೆಯಲ್ಲೋ...

ಮಾತಾಡು. ಗೇಟು ಎತ್ತರ ಮಾಡಿಸಬೇಕಿತ್ತು ಅನ್ನು. ಕಹಳೆ ಕೇಳಿದ ಕೂಡಲೇ ಓಡಬೇಕಿತ್ತು ಅನ್ನು. ಇಷ್ಟು ತಿಂಗಳಲ್ಲಿ ಒಂದು ಸಲ ಆ ದಿಬ್ಬ ನೋಡ್ಕೊಂಡು ಬರೋಕೆ ನಿಂಗೇನಾಗಿತ್ತು ಧಾಡಿ ಅಂತ ಕೇಳು. ನನ್ನ ಹೊಲ, ನನ್ನ ಕುದುರೆ, ನಿನ್ನ ಕೈಗೆ ಕೊಟ್ಟು ಹೋಗಿದ್ನಲ್ಲೇ ಅಂತ ಕೇಳು. ಕೇಳೋನಲ್ವಾ ನೀನು? ಹುಲ್ಲು ಒದ್ದೆ ಆದ್ರೆ ಆಕಾಶ ಭೂಮಿ ಒಂದು ಮಾಡೋನು...

ಬೈಯಿ ಮಾವ. ನನ್ನನ್ನಾದ್ರೂ ಬೈಯಿ.