ಬಿಡು, ಬಿಡಬೇಡ

ಮಾನ್ಯ ಅಧ್ಯಕ್ಷರೇ, ಸಂಬಳವಿಲ್ಲದೆ ಪ್ರತಿ ಶನಿವಾರ ಮಕ್ಕಳಿಗೆ ಫುಟ್‌ಬಾಲ್ ಆಡಿಸುವ ಗೆಳೆಯರೇ, ತಂದೆತಾಯಂದಿರೇ, ಹಿಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ಆಟಗಾರರೇ,

ಈ ಭಾಷಣದಿಂದ ಒಂದು ವಾಕ್ಯವನ್ನು ಬೆಳಿಗ್ಗೆ ಹೊಡೆದುಹಾಕಿದ್ದೆ. ಇಲ್ಲಿ ಕುಳಿತು ನಿಮ್ಮ ಮುಖಗಳನ್ನು ನೋಡುತ್ತಾ ಮತ್ತೆ ಸೇರಿಸಿಕೊಂಡೆ. ಅದು ನನ್ನ ವಾಕ್ಯವಲ್ಲ, ಮಗಳದು.

ನಮ್ಮ ಅಧ್ಯಕ್ಷರು ಹಲ್ಲಿನ ಡಾಕ್ಟರು. ಎಲ್ಲರ ಬಾಯಿ ತೆರೆಸುವುದು ಅವರ ಕಸುಬು. ಅವರ ಎದುರಿಗೇ ನಿಂತು ನಿಮ್ಮೆಲ್ಲರ ಬಾಯಿ ಮುಚ್ಚಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಮುಂದಿನ ವರ್ಷದ ಲೀಗಿನಿಂದ ಮೈದಾನದ ಗೆರೆಯಾಚೆ ನಿಂತ ದೊಡ್ಡವರು ಯಾರೂ ಕೂಗಬಾರದು. ಚಪ್ಪಾಳೆ ಇರಲಿ, ಮಾತು ಬೇಡ. ಸಮಿತಿ ಅರೆಮನಸ್ಸಿನಿಂದ ಒಪ್ಪಿದೆ, ನೀವು ಒಪ್ಪಿದರೆ ಮಾತ್ರ. ಸಮಿತಿಯಲ್ಲಿ ನಾನು ಇದಕ್ಕೆ ಶಿಸ್ತು ಎಂದು ಹೆಸರಿಟ್ಟೆ. ನಿಜಕ್ಕೂ ಇದು ಶಿಸ್ತಿನ ಮಾತೇ?

ನಾನು ಓದಿದ್ದು ಇಂಗ್ಲಿಷಿನಲ್ಲಿ. ಗೆರೆಯ ಬಳಿ ನಿಂತರೆ ಮಾತ್ರ ಗಂಟಲಿಂದ ಹೊರಡುವುದು ಅಪ್ಪಟ ಕನ್ನಡ. "ಬಿಡು, ಬಿಡು!" ಚೆಂಡನ್ನು ಗೆಳತಿಗೆ ಕೊಡು ಎಂದು ಅದರ ಅರ್ಥ. ಪಕ್ಕದಲ್ಲೇ ನನ್ನ ಮಗಳ ಅಪ್ಪ, "ಬಿಡಬೇಡ ಕಣೇ!" ಅವಳ ಸೋದರಮಾವ, "ಅಯ್ಯೋ, ಬಿಟ್ಟೇಬಿಟ್ಟಳಲ್ಲ!"

ಒಂದು ಶನಿವಾರ ಮಗಳು ಮೈದಾನದ ನಡುವೆ ಸುಮ್ಮನೆ ನಿಂತುಬಿಟ್ಟಳು. ಚೆಂಡು ತನ್ನಷ್ಟಕ್ಕೆ ಉರುಳಿ ಹೋಯಿತು. ಮನೆಯಲ್ಲಿ ಬೂಟು ಬಿಚ್ಚುತ್ತಾ ಹೇಳಿದಳು: "ನೀನು ಬಿಡು ಅಂತೀಯ, ಅಪ್ಪ ಬಿಡಬೇಡ ಅಂತಾರೆ. ನಾನು ಆಟಾನೇ ಬಿಟ್ಬಿಡ್ತೀನಿ."

ಇದೇ ಆ ವಾಕ್ಯ. ಅವಳು ಮತ್ತೆ ಲೀಗಿಗೆ ಬರಲಿಲ್ಲ.

ಆಮೇಲೊಂದು ಸಂಜೆ ಗೋಲಿನ ಬಲೆ ಬಿಚ್ಚಿ ತರಲು ಹೋದೆ. ಮೈದಾನದ ಮೇಲೆ ತೆಳುವಾದ ಮಂಜು. ದೊಡ್ಡವರು ಒಬ್ಬರೂ ಇಲ್ಲ. ಮಂಜಿನೊಳಗೆ ಕೆಲವು ಹುಡುಗಿಯರು ಆಡುತ್ತಿದ್ದರು. ಮುಖ ಕಾಣದು, ಚೆಂಡು ಹುಲ್ಲಿಗೆ ತಾಗುವ ಮೆತ್ತನೆಯ ಸದ್ದು ಮಾತ್ರ. ಒಂದು ದನಿ, "ಇಲ್ಲಿದೀನಿ." ಇನ್ನೊಂದು, ದೂರದಿಂದ, "ನಾನೂ ಇದೀನಿ ಕಣೇ." ಬಿಡು ಎನ್ನುವವರಿಲ್ಲ, ಬಿಡಬೇಡ ಎನ್ನುವವರಿಲ್ಲ. ಇದೀನಿ, ಇದೀನಿ, ಅಷ್ಟೇ. ಆ ದೂರದ ದನಿ ನನ್ನ ಮಗಳದೆಂದು ತಿಳಿಯಲು ಏಕೆ ಅಷ್ಟು ಹೊತ್ತು ಬೇಕಾಯಿತು? ಆಟದಲ್ಲಿ ಅವಳ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಕೇಳಿಸಲು ಬಿಟ್ಟಿದ್ದೆನೇ?

ಬಲೆ ಬಿಚ್ಚದೆ ಮರಳಿದೆ. ಅವಳು ಬಂದಾಗ ಕೇಳಿದೆ: "ಎಲ್ಲರೂ ಸುಮ್ಮನಿದ್ರೆ ಲೀಗಿಗೆ ಬರ್ತೀಯಾ?"

"ಎಲ್ಲರೂ ಅಂದ್ರೆ, ನೀನೂನಾ?"

"ನಾನೂ."

ನಕ್ಕಳು. "ಯಾವತ್ತಿಂದ? ತಾರೀಖು ಹೇಳಮ್ಮ ನೋಡೋಣ."

ತಾರೀಖು ನನ್ನ ಕೈಯಲ್ಲಿರಲಿಲ್ಲ, ನಿಮ್ಮ ಕೈಯಲ್ಲಿತ್ತು. ಒಪ್ಪುವವರು ದಯವಿಟ್ಟು ಆ ಕೈ ಎತ್ತಿ.

ಅವಳ ಸೋದರಮಾವ ಎರಡೂ ಕೈ ಎತ್ತಿದ್ದಾನೆ, ಒಂದೆಂದೇ ಎಣಿಸುತ್ತೇನೆ. ಅಧ್ಯಕ್ಷರೇ, ನಿಮ್ಮದೂ ಎದ್ದಿತು. ಎಷ್ಟು ಸದ್ದಿಲ್ಲದೆ ಎದ್ದವು ಇಷ್ಟೊಂದು ಕೈಗಳು! ಫ್ಯಾನಿನ ಸದ್ದು ಕೇಳಿಸುತ್ತಿದೆ. ನೋಡಿದಿರಾ, ಸುಮ್ಮನಿರಲು ನಮಗೂ ಬರುತ್ತದೆ.

ಈ ಸದ್ದಿಲ್ಲದಿರುವಿಕೆಗಾಗಿ ನಿಮಗೆಲ್ಲ ಕೃತಜ್ಞಳು, ನಮಸ್ಕಾರ. ಹಿಂದಿನ ಸಾಲಿನಲ್ಲಿ ನಿದ್ದೆಯ ನಾಟಕ ಆಡುತ್ತಿರುವ ಹುಡುಗಿಯೇ, ಕೇಳಿಸಿಕೋ: ಈ ನಿಯಮವನ್ನು ಮೈದಾನದ ಗೇಟಿಗೆ ನಾನೇ ಅಂಟಿಸುತ್ತೇನೆ, ಜೂನ್ ಆರು, ಶನಿವಾರ.