ಹರಿಯದ ಹಾರ

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುತ್ತ ಕುಂತಿದ್ದ ಕೊಟ್ರಮ್ಮನ ಪಕ್ಕಕ್ಕೇ ಬಂದು, ಅಡಿಯಿಂದ ಮುಡಿವರೆಗೂ ಕೆಸರು ಮೆತ್ತಿಕೊಂಡಿದ್ದ ಇಬ್ಬರು ಪಡ್ಡೆಗಳು ಸೈಕಲ್ ಹಿಡಿದು ನಿಂತರು.

“ಗುಡ್ಡದ ರೇಸಿಗೆ ಹೊರಟ ಸೈಕಲ್ಲಿಗೆ ಯಾರಾದ್ರೂ ಚೆಂಡುಹೂವಿನ ಹಾರ ಹಾಕ್ತಾರೇನ್ಲೇ ತಿಪ್ಪೇಶ?”

“ಪೂಜೆ ಮಾಡ್ದೆ ನಮ್ಮವ್ವ ಬಿಡ್ತಾಳೇನೋ ಅಮಾನ್?”

“ಪೂಜೆ ಆದ್ಮೇಲೆ ಬಿಚ್ಚಬೇಕಪ್ಪ.”

“ದೇವರ ಹಾರ ಹೆಂಗೆ ಬಿಚ್ಚಲಿ? ದಾರೀಲಿ ತಾನೇ ಹರಿದು ಉದುರ್ತೈತೆ ಅಂದ್ಕಂಡಿದ್ದೆ.”

“ಉದುರಿದ್ದು ನೀನು! ಎಲ್ಲರಿಗಿಂತ ಮುಂದಿದ್ದೋನು, ಹಾರ ಚೈನಿಗೆ ಸುತ್ಕಂಡು ಬಂಡೆ ಮೇಲಿಂದ ಸೀದಾ ಕೆಸರಿಗೆ!”

“ಚೈನೇ ಹರೀತು ಕಣ್ಲೇ, ಆ ದಾರ ಹರೀಲಿಲ್ಲ. ಅದ್ಯಾವಳ ಹತ್ರ ತಂದ್ಲೋ ನಮ್ಮವ್ವ!”

ಹಾರ ಮನೆ ಮುಟ್ಟೋದ್ರೊಳಗೆ ಹರೀತೈತೆ ಅಂತ ಗಿರಾಕಿಗಳು ಬೈದದ್ದಕ್ಕೆ ಮಾರಿಕಣಿವೆ ಡ್ಯಾಮಿನಿಂದ ತರಿಸಿದ್ದ ಮೀನು ಬಲೆಯ ದಾರದುಂಡೆಯನ್ನು ಕೊಟ್ರಮ್ಮ ಮೆಲ್ಲಗೆ ಸೆರಗಿನಡಿ ತಳ್ಳಿದಳು.

ಅಷ್ಟರಲ್ಲಿ ಅವರೂರಿನ ಬಸ್ ಬಂತು. ಇಬ್ಬರೂ ಸೈಕಲ್ ಹೊತ್ತುಕೊಂಡು ಓಡಿದರು. ಬಸ್ಸು ತಿರುವು ದಾಟಿದ್ದೇ ತಡ, ಕೊಟ್ರಮ್ಮ ಗಂಟಲು ಸರಿಮಾಡಿಕೊಂಡು ಕೂಗಿದಳು:

“ಬರ್ರಿ, ಬರ್ರಿ! ಸೈಕಲ್ ಚೈನ್ ಹರಿದ್ರೂ ನಮ್ಮ ಹಾರ ಹರಿಯಲ್ಲ!”